ಭಾನುವಾರ ಇಂಗಾಲದ ಡೈಆಕ್ಸೈಡ್ ಬಾಟಲಿ ತಯಾರಿ

ಎಲ್ಲರಿಗೂ ನಮಸ್ಕಾರ. ಅಕ್ವೇರಿಯಂ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುವ ಬಾಟಲಿಯನ್ನು ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಯಲ್ಲಿ ತಯಾರಿಸೋಣ.

ತರಬೇಕಾದದ್ದು: ತಂಪು ಪಾನೀಯದ 2 ಲೀಟರಿನ ಖಾಲಿ ಬಾಟಲಿ ಎರಡು, 200 ಗ್ರಾಂ ಸಕ್ಕರೆ, ಏರ್ ಪೈಪ್. ಯೀಸ್ಟ್ ಕಾಲು ಚಮಚ ಸಾಕು, ನನ್ನಲ್ಲಿದೆ. ನೀರು ಉಗುರುಬೆಚ್ಚಗಿರಬೇಕು, ಕುದಿನೀರಿನಲ್ಲಿ ಯೀಸ್ಟ್ ಸಾಯುತ್ತದೆ. ಎರಡನೇ ಬಾಟಲಿ ನೊರೆ ತಡೆಯಲು. ಕಳೆದ ತಿಂಗಳು ಅದಿಲ್ಲದೆ ನನ್ನ ತೊಟ್ಟಿಯ ನೀರು ಹಾಲಿನಂತೆ ಬೆಳ್ಳಗಾಗಿತ್ತು.

ದಯವಿಟ್ಟು ಗಮನಿಸಿ: ಪೈಪಿನ ಬಾಯಿಯನ್ನು ಎಂದೂ ಮುಚ್ಚಬೇಡಿ, ಒತ್ತಡಕ್ಕೆ ಬಾಟಲಿ ಸಿಡಿಯಬಹುದು. ರಾತ್ರಿ ಗಿಡಗಳು ಈ ಅನಿಲವನ್ನು ಹೀರುವುದಿಲ್ಲ. ಹಾಗಾಗಿ ಅದು ನೀರಿನಲ್ಲಿ ಹೆಚ್ಚಾಗದಂತೆ ರಾತ್ರಿ ಏರ್ ಪಂಪ್ ಹಾಕಿಡಿ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ಪೈಪ್ ಹೊರತೆಗೆಯಿರಿ.

ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ. ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್‌ಗಳನ್ನು ಅಷ್ಟೇ ಸಂಖ್ಯೆಯಲ್ಲಿ ತರಿಸುತ್ತೇನೆ.