ಇಟಾಲಿಯನ್ ಕಲಿಯೋರಿಗೆ ಕನ್ನಡದಾಗ ಪುಸ್ತಕ ಬೇಕು

ಸಂಪಾದಕರಿಗೆ ನಮಸ್ಕಾರ ರೀ,

ಇಟಲಿಗೆ ಓದಾಕ ಹೋಗಬೇಕು ಅನ್ನೋ ಹುಡುಗ್ರು ನಮ್ಮ ಹುಬ್ಬಳ್ಳಿ-ಧಾರವಾಡದಾಗೂ ಅದಾರ. ಅವ್ರೆಲ್ಲ ಮೊದ್ಲು ಮೊಬೈಲ್‌ನಾಗ ನಾಕೈದು ಆ್ಯಪ್ ಹಾಕ್ಕೊಂತಾರ, ದಿನಾ ಚಿತ್ರ ಒತ್ತಿ ಪಾಯಿಂಟ್ ಗಳಿಸ್ತಾರ, ಆದ್ರ ಬಾಯಿ ಬಿಟ್ಟು ಒಂದ್ ವಾಕ್ಯ ಹೇಳು ಅಂದ್ರ ಬರಾಂಗಿಲ್ಲ. ಆ್ಯಪ್ ಬ್ಯಾಡ ಅನ್ನಾಂಗಿಲ್ರಿ ನಾನು, ಅದೊಂದ ಸಾಲಂಗಿಲ್ಲ ಅಷ್ಟ.

ನಂಗ ಅನಸೂದು ಏನಂದ್ರ, ಇಂಗ್ಲಿಷ್ ಮೂಲಕ ಕಲಿಯೋಕಿಂತ ಕನ್ನಡದ ಮೂಲಕ ಕಲತ್ರ ಇಟಾಲಿಯನ್ ಭಾಷಾ ಭಾಳ ಹಗುರ. ಪಾರ್ಲೊ ಅಂದ್ರ ಮಾತಾಡ್ತೀನಿ, ಪಾರ್ಲಿ ಅಂದ್ರ ಮಾತಾಡ್ತಿ, ನಮ್ಮಂಗ ನಾನು ನೀನು ಅನ್ನೂದು ಬಿಟ್ರೂ ಕ್ರಿಯಾಪದಾನ ಎಲ್ಲಾ ಹೇಳ್ತೈತಿ. ಪಾಲ ಅಂದ್ರ ಸಲಿಕಿ, ಪಲ್ಲ ಅಂದ್ರ ಚೆಂಡು, ಒತ್ತಕ್ಷರ ಬಲ್ಲ ನಮಗ ಈ ಫರಕ್ ಕಿವಿಗೆ ತಟ್ಟನ ಸಿಗ್ತದ. ಕಷ್ಟ ಇರೋದು ಲಿಂಗದಾಗ ರೀ, ಅಲ್ಲಿ ಟೇಬಲ್ ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಅದಕ್ಕ ಬರೇ ತಾವೊಲೊ, ಸೇದಿಯಾ ಅಂತ ಉರು ಹೊಡಿಬಾರ್ದು, ಇಲ್ ತಾವೊಲೊ, ಲಾ ಸೇದಿಯಾ ಅಂತ ಲಿಂಗ ತೋರಿಸೋ ಇಲ್, ಲಾ ಜೋಡಿಸೇ ಜೋರಾಗಿ ಹೇಳ್ಕೋಬೇಕು.

ಒಂದ ವ್ಯಾಕರಣ ಪುಸ್ತಕ, ಅದರ ಆಡಿಯೋ, ವಾರದಾಗ ಒಮ್ಮೆರ ಯಾರ ಜೋಡಿನರ ಮಾತು, ಇಷ್ಟಿದ್ರ ಆರಂಭಕ್ಕ ಸಾಕು. ಸರ್ಟಿಫಿಕೇಟ್ ಬೇಕಾದವ್ರು ಇಟಲಿಯ ಸಿಯೆನಾ ಊರಿನ ಚಿಲ್ಸ್ (CILS), ಪೆರೂಜಾ ಊರಿನ ಚೆಲಿ (CELI) ಅನ್ನೋ ಇಟಾಲಿಯನ್ ಭಾಷಾ ಪರೀಕ್ಷೆಗಳ ಹಳೇ ಪ್ರಶ್ನೆಪತ್ರಿಕೆ ಮೊದ್ಲ ನೋಡ್ರಿ, ಎ1, ಎ2 ಅನ್ನೋ ಆರಂಭದ ಹಂತದಾಗ ಏನ್ ಕೇಳ್ತಾರ ಅಂತ ತಿಳದ್ರ ಓದೋ ದಾರಿ ತಾನ ಗೊತ್ತಾಗ್ತದ.

ನಮ್ಮ ಸಾರ್ವಜನಿಕ ಲೈಬ್ರರಿಗಳು ಇಂಥ ಪುಸ್ತಕ ತರಿಸಿ ಇಡಲಿ, ಎರಡೂ ಭಾಷಾ ಬಲ್ಲವ್ರು ಕನ್ನಡದಾಗ ಒಂದ್ ಸಣ್ಣ ಕೈಪಿಡಿ ಬರಿಲಿ ಅಂತ ಕಳಕಳಿಯಿಂದ ಕೇಳ್ಕೊತೀನಿ.

– ಓದುಗ, ಧಾರವಾಡ