ಬೂಟು ಮೊದಲು, ಟ್ರಕ್ ಆಮೇಲೆ

ಸಾಗರ
ಸೆಪ್ಟೆಂಬರ್ ಕೊನೆಯ ವಾರ

ಚಿ. ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಅಡಿಕೆಗೆ ಕೊಳೆ ಬಂದಿದೆ ಅಂತ ನಿನ್ನ ಮಾವ ದಿನಾ ಗೊಣಗುತ್ತಾನೆ. ನೀನು ಕಳಿಸಿದ ಫೋಟೋವನ್ನು ನಿನ್ನ ಅಜ್ಜಿ ಮೂರು ಸಲ ದೊಡ್ಡದು ಮಾಡಿ ನೋಡಿದಳು. "ಅಲ್ಲಾ ಅಣ್ಣ, ಈ ಹುಡುಗಿ ಗುಜರಿ ಗಾಡಿ ಮುಂದೆ ನಿಂತು ಯಾಕೆ ಫೋಟೋ ತೆಗೆಸಿಕೊಂಡಿದ್ದಾಳೆ?" ಅಂದಳು. ನನ್ನ ತಂಗಿಗೆ ಏನು ಗೊತ್ತು! ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅದು ಡಾಡ್ಜ್ ಡಿ-100 ಪಿಕಪ್ ಟ್ರಕ್. ಅರವತ್ತರ ದಶಕದ್ದು.

ಜೊತೆಗೆ ಕೆಲಸ ಮಾಡುವವರ ಅಂಗಳದಲ್ಲಿ ನಿಂತಿದೆ, ಕಡಿಮೆಗೆ ಕೊಡ್ತಾರಂತೆ, ತಗೊಳ್ಳಲಾ ಅಂತ ಕೇಳಿದ್ದೀಯ. ಫೋನಿನಲ್ಲೇ ಹೌದು, ಬೇಡ ಅಂತ ಹೇಳಿಬಿಡಬಹುದಿತ್ತು. ಆದರೆ ಹದಿಮೂರು ವರ್ಷ ಅಂಥದೇ ಗಾಡಿ ಓಡಿಸಿದವನ ಹತ್ತಿರ ಕೇಳಿದ್ದೀಯ, ಅದೂ ಕೆನಡಾದ ಸಸ್ಕಟೂನ್‌ನಲ್ಲಿ ಕೂತು. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಮಾಡಿಕೊಂಡು ಓದು.

ಕೆನಡಾ 1967ರಲ್ಲಿ ವಲಸೆಗೆ ಅಂಕಗಳ ಪದ್ಧತಿ ತಂದಿತು. ಯಾವ ದೇಶದವನು ಅನ್ನುವುದಕ್ಕಿಂತ ಏನು ಓದಿದ್ದಾನೆ ಅಂತ ನೋಡತೊಡಗಿದರು. ಹಾಗಾಗಿ 1969ರಲ್ಲಿ ನಿನ್ನ ಅಜ್ಜನೂ ಒಂದು ಪೆಟ್ಟಿಗೆ ಹಿಡಿದುಕೊಂಡು ಹೊರಟ. ಸಸ್ಕಟೂನ್‌ನಿಂದ ಪ್ರಿನ್ಸ್ ಆಲ್ಬರ್ಟ್‌ಗೆ 11ನೇ ಹೆದ್ದಾರಿ ಹೋಗುತ್ತದಲ್ಲ, ಆ ದಾರಿಯ ಒಂದು ಸಣ್ಣ ಊರಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷ ಅವರಿವರ ಕಾರಿನಲ್ಲಿ ಓಡಾಡಿದೆ. 1971ರಲ್ಲಿ ಹಳೇ ಗಾಡಿ ಮಾರುವವನ ಅಂಗಳಕ್ಕೆ ಹೋದೆ. ಫೋರ್ಡ್, ಶೆವರ್ಲೆ, ಜಿಎಂಸಿ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಒಂದು ಹಸಿರು ಪಿಕಪ್. ಮೇಲೆ ಹೆಸರು ಫಾರ್ಗೋ! ನನಗೆ ಗಂಟಲು ಕಟ್ಟಿತು. ಚಿಕ್ಕವನಿದ್ದಾಗ ಸಾಗರದ ಪೇಟೆಯಲ್ಲಿ ಫಾರ್ಗೋ ಲಾರಿಯ ಹಿಂದೆ ಓಡಿದವನು ನಾನು. ಬೊಂಬಾಯಿಯ ಪ್ರೀಮಿಯರ್ ಕಂಪನಿ ಆಗ ಆ ಲಾರಿ ಮಾಡುತ್ತಿತ್ತು. ಅಷ್ಟು ದೂರದ ಊರಲ್ಲಿ ನನಗೆ ಪರಿಚಯದ ಮುಖ ಅಂತ ಸಿಕ್ಕಿದ್ದು ಅದೊಂದೇ. ಮತ್ತೇನೂ ನೋಡದೆ ತಗೊಂಡೆ. 1967ರ ಮಾಡೆಲ್.

ಆಮೇಲೆ ಗೊತ್ತಾಯಿತು, ಅದು ಡಾಡ್ಜೇ. ಕೆನಡಾದಲ್ಲಿ ಪ್ಲಿಮತ್, ಕ್ರೈಸ್ಲರ್ ಕಾರು ಮಾರುವ ಅಂಗಡಿಗಳಿಗೂ ಒಂದು ಟ್ರಕ್ ಬೇಕಲ್ಲ, ಅದಕ್ಕೆ ಹೆಸರು ಬದಲಿಸಿ ಫಾರ್ಗೋ ಅಂತ ಕೊಡುತ್ತಿದ್ದರು. 1972ಕ್ಕೆ ಅದು ನಿಂತಿತು. ಫೋರ್ಡ್‌ನವರೂ ಅಷ್ಟೇ, ತಮ್ಮ ಟ್ರಕ್ಕನ್ನೇ ಮರ್ಕ್ಯುರಿ ಅಂತ 1968ರವರೆಗೆ ಮಾರಿದರು. ಅಂದರೆ ನಿನ್ನ ಫೋಟೋದ ಗಾಡಿ ಮತ್ತು ನನ್ನ ಗಾಡಿ ಅಕ್ಕ ತಂಗಿಯರು.

ಅದರ ಎಂಜಿನ್‌ಗೆ ಸ್ಲಾಂಟ್ ಸಿಕ್ಸ್ ಅಂತ ಹೆಸರು. ಆರು ಸಿಲಿಂಡರ್, 225 ಕ್ಯೂಬಿಕ್ ಇಂಚು. ಬಾನೆಟ್ ಎತ್ತಿ ನೋಡು, ನೆಟ್ಟಗೆ ಕೂತಿರುವುದಿಲ್ಲ. 30 ಡಿಗ್ರಿ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಗೋಡೆಗೆ ಒರಗಿ ಕವಳ ಹಾಕುವ ಮುದುಕನ ಹಾಗೆ. ಅಂಥ ಗಟ್ಟಿ ಎಂಜಿನ್ ನಾನು ಮತ್ತೆ ನೋಡಿಲ್ಲ.

ಆದರೆ ಜನವರಿಯ ಬೆಳಿಗ್ಗೆ ಅದನ್ನು ಎಬ್ಬಿಸುವುದು ಇತ್ತಲ್ಲ, ಅದು ಬೇರೆಯೇ ಕಥೆ. ರಾತ್ರಿ ಮಲಗುವ ಮುಂಚೆ ಬ್ಲಾಕ್ ಹೀಟರ್ ಪ್ಲಗ್ ಹಾಕಿರಬೇಕು. ಇಲ್ಲಿ ಸಂಜೆ ಸಿಕ್ಕವರು ಊಟ ಆಯ್ತಾ ಅಂತ ಕೇಳುವ ಹಾಗೆ ಅಲ್ಲಿ ಪ್ಲಗ್ ಹಾಕಿದ್ಯಾ ಅಂತ ಕೇಳುತ್ತಾರೆ. ಗಡಿಯಾಚೆ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಆಂಡ್ರ್ಯೂ ಫ್ರೀಮನ್ ಅನ್ನುವವರು ಎಂಜಿನ್ ಬೆಚ್ಚಗಿಡುವ ಇಂಥ ಹೀಟರ್‌ಗೆ 1949ರಲ್ಲಿ ಪೇಟೆಂಟ್ ಪಡೆದರು. ಆ ಮಹಾನುಭಾವನಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ.

ಬೆಳಿಗ್ಗೆ ಎದ್ದು ಹೋದರೆ ವೈರು ಬೆತ್ತದ ಹಾಗೆ ಸೆಟೆದುಕೊಂಡಿರುತ್ತದೆ. ಸುತ್ತಲು ಹೋದರೆ ಸುತ್ತಿಕೊಳ್ಳುವುದಿಲ್ಲ. ಸೀಟು ಒಣಗಿದ ಅಡಿಕೆ ಹಾಳೆ. ಕೂತರೆ ಟಪ್ ಅನ್ನುತ್ತದೆ. ಆಕ್ಸಿಲರೇಟರ್ ಎರಡು ಸಲ ಒತ್ತಿ ಬಿಡಬೇಕು, ಮೂರನೆಯದು ಒತ್ತಿದೆಯೋ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ತುಂಬಿ ಕೆಟ್ಟಿತು. ಕೀ ತಿರುಗಿಸಿದರೆ ಸ್ಟಾರ್ಟರ್ "ನ್ಯಾಂ... ನ್ಯಾಂ..." ಅಂತ ಅಳುತ್ತದೆ. ಒಳಗೆ ಆಯಿಲ್ ಜೋನಿ ಬೆಲ್ಲ ಆಗಿರುತ್ತದೆ, ಪಾಪ ಅದು ತಾನೇ ಏನು ಮಾಡೀತು. ಹೊತ್ತಿಕೊಂಡ ಮೇಲೂ ಕ್ಲಚ್ ಬಿಡುವ ಹಾಗಿಲ್ಲ. ಗೇರ್ ನ್ಯೂಟ್ರಲ್‌ನಲ್ಲೇ ಇದ್ದರೂ ಗೇರ್ ಬಾಕ್ಸ್‌ನ ಗಟ್ಟಿ ಆಯಿಲ್ ಎಂಜಿನ್ನನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಎಡಗಾಲು ನಡುಗುತ್ತಿದ್ದರೂ ಕ್ಲಚ್ಚನ್ನು ಇಂಚಿಂಚಾಗಿಯೇ ಬಿಡಬೇಕು. ಗಾಜಿನ ಹೊರಗೆ ಮಾತ್ರ ಅಲ್ಲ, ಒಳಗೂ ನಿನ್ನ ಉಸಿರೇ ಮಂಜಾಗಿ ಕೂತಿರುತ್ತದೆ. ಅದನ್ನು ಕೆರೆಯಲು ನಾನು ದೋಸೆ ಸಟ್ಟುಗ ಇಟ್ಟುಕೊಂಡಿದ್ದೆ. ಆಗಿನ ನೈಲಾನ್ ಟೈರು ರಾತ್ರಿ ನಿಂತಲ್ಲೇ ಚಪ್ಪಟೆಯಾಗಿ ಹೆಪ್ಪುಗಟ್ಟುತ್ತಿತ್ತು. ಮೊದಲ ಒಂದು ಮೈಲಿ ಚೌಕದ ಚಕ್ರದ ಮೇಲೆ ಹೋದ ಹಾಗೆ ಡಬ್ ಡಬ್ ಡಬ್. ರೇಡಿಯೇಟರ್ ಮುಂದೆ ರಟ್ಟು ಸಿಗಿಸದಿದ್ದರೆ ಹೀಟರ್‌ಗೆ ಬಿಸಿಯೇ ಬರುತ್ತಿರಲಿಲ್ಲ. ಬಂದರೂ ಬಲಗಾಲಿನ ಹೆಬ್ಬೆರಳಿಗೆ ಮಾತ್ರ.

ಇಷ್ಟೆಲ್ಲ ಯಾಕೆ ಹೇಳಿದೆ ಗೊತ್ತಾ? ಹೊರಗೆ ಎಂಥ ಚಳಿ ಇದೆ ಅನ್ನುವುದನ್ನು ಮರೆಯಲು ಆ ಗಾಡಿ ಒಂದು ನಿಮಿಷ ಬಿಡುತ್ತಿರಲಿಲ್ಲ. ನೀನು ಈಗ ಓಡಿಸುವ ಕಾರು ಮರೆಸಿಬಿಡುತ್ತದೆ. ಮನೆಯೊಳಗೆ ಕೂತೇ ಸ್ಟಾರ್ಟ್ ಮಾಡ್ತೀಯ, ಸೀಟು ಬಿಸಿ, ಸ್ಟೀರಿಂಗ್ ಬಿಸಿ. ಹೋದ ಚಳಿಗಾಲದ ವಿಡಿಯೋದಲ್ಲಿ ನೋಡಿದೆ, ಹೊರಗೆ ಮೈನಸ್ 31 ಅಂತ ತೋರಿಸುತ್ತಿದೆ, ನೀನು ತೆಳ್ಳಗಿನ ಸ್ವೆಟರ್, ಕ್ಯಾನ್ವಾಸ್ ಷೂ ಹಾಕಿಕೊಂಡು ಹಾಡು ಹೇಳ್ತಾ ಹೋಗ್ತಿದ್ದೀಯ. ನನಗೆ ಹೆದರಿಕೆಯಾದದ್ದು ಆ ವಿಡಿಯೋ ನೋಡಿ, ಹಳೇ ಟ್ರಕ್ ನೋಡಿ ಅಲ್ಲ.

ನಾನೇನು ಬುದ್ಧಿವಂತನಾಗಿದ್ದೆ ಅಂತ ತಿಳಿಯಬೇಡ. 1973ರ ಜನವರಿ. ಊರಿಂದ ಬಂದ ಸ್ನೇಹಿತರೊಬ್ಬರ ಕೈಯಲ್ಲಿ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಳು. ಅದನ್ನು ತರಲು ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಸಸ್ಕಟೂನ್‌ಗೆ ಹೋದೆ. ಪೇಟೆಗೆ ಹೋಗುವುದಲ್ವಾ ಅಂತ ಪಾಲಿಶ್ ಹಾಕಿದ ಚರ್ಮದ ಷೂ. ವಾಪಸ್ ಬರುವಾಗ ಕತ್ತಲೆ, ಮೈನಸ್ 40. ಅದು ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಅಂತ ಕೇಳಬೇಡ, ಅಲ್ಲಿಗೆ ಬಂದರೆ ಎರಡೂ ಒಂದೇ. (ಕೆನಡಾದವರು ಸೆಲ್ಸಿಯಸ್‌ಗೆ ಬಂದದ್ದು 1975ರ ಏಪ್ರಿಲ್ 1ಕ್ಕೆ. ಮೂರ್ಖರ ದಿನವೇ ಬೇಕಿತ್ತಾ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆವು.) ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಆ ಗಾಡಿಯಲ್ಲಿ ಟ್ಯಾಂಕ್ ಸೀಟಿನ ಬೆನ್ನಿಗೇ ಇರುತ್ತದೆ, ಪೆಟ್ರೋಲ್ ತುಳುಕುವುದು ಕೇಳಿಸುತ್ತಾ ಇರುತ್ತದೆ. ಇನ್ನೂ ಇದೆಯಲ್ಲ, ಮನೆಗೆ ಸಾಕು ಅಂದುಕೊಂಡೆ. ಸಾಲದೆ ಹೋದದ್ದು ಪೆಟ್ರೋಲ್ ಅಲ್ಲ. ಟ್ಯಾಂಕಿನ ಖಾಲಿ ಭಾಗದ ಗಾಳಿಯಲ್ಲಿರುವ ತೇವ ನೀರಾಗಿ ಇಳಿದು, ಪೈಪಿನಲ್ಲಿ ಮಂಜುಗಡ್ಡೆಯಾಗಿ ಕೂತಿತ್ತು. ರಾಸ್ಥರ್ನ್ ದಾಟಿದ ಮೇಲೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ನಿಂತ ಮೇಲೆ ಆ ಸದ್ದಿಲ್ಲದಿರುವುದು ಇತ್ತಲ್ಲ ಪುಟ್ಟಿ. ಜೀರುಂಡೆ ಇಲ್ಲ, ನಾಯಿ ಇಲ್ಲ. ಗಾಡಿಯ ಕಬ್ಬಿಣ ತಣಿಯುತ್ತಾ ಟಿಕ್ ಟಿಕ್ ಅನ್ನುವುದು ಮಾತ್ರ. ದೂರದಲ್ಲಿ ಒಂದು ಮನೆಯ ದೀಪ. ಆ ಬಯಲಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ. ಉಪ್ಪಿನಕಾಯಿ ಜಾಡಿಯನ್ನು ಕೋಟಿನೊಳಗೆ ಸೇರಿಸಿಕೊಂಡು ನಡೆದೇ ಹೋಗುವಾ ಅಂತ ಇಳಿದೆ. ನೂರು ಹೆಜ್ಜೆ ಹಾಕಿರಬೇಕು. ಕಣ್ಣ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡವು. ದೀಪ ಇದ್ದಲ್ಲೇ ಇತ್ತು. ತಿರುಗಿ ಬಂದು ಗಾಡಿಯೊಳಗೆ ಕೂತೆ. ಹಾಗೆ ತಿರುಗಿ ಬಂದದ್ದೊಂದೇ ನಾನು ಅವತ್ತು ಮಾಡಿದ ಜಾಣತನ.

ಮುಕ್ಕಾಲು ಗಂಟೆ ಆಗಿರಬಹುದು. ಹಿಂದಿನಿಂದ ಇಂಟರ್‌ನ್ಯಾಷನಲ್ ಕಂಪನಿಯ ಒಂದು ಪಿಕಪ್ ಬಂದು ನಿಂತಿತು. ಅಲ್ಲಿಯ ಮೆನೊನೈಟ್ ಅನ್ನುವ ಕ್ರಿಶ್ಚಿಯನ್ ಪಂಗಡದ ರೈತ, ವಯಸ್ಸಾದವರು. ಟಾರ್ಚ್ ಬಿಟ್ಟರು. ಎಂಜಿನ್ ಕಡೆಗೆ ಅಲ್ಲ, ನನ್ನ ಮುಖಕ್ಕೂ ಅಲ್ಲ. ಬಾಗಿಲು ತೆಗೆದು ನನ್ನ ಕಾಲಿಗೆ ಬಿಟ್ಟರು. ಒಂದು ಮಾತಾಡಲಿಲ್ಲ. ತಲೆ ಅಲ್ಲಾಡಿಸಿದರು ಅಷ್ಟೇ. ನಮ್ಮ ಅಪ್ಪ ಬೈದಾಗಲೂ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ.

ಸರಪಳಿ ಕಟ್ಟಿ ಅವರ ಮನೆಗೆ ಎಳೆದುಕೊಂಡು ಹೋದರು. ಮನೆಯಾಕೆ ನನ್ನ ಕಾಲನ್ನು ಟಬ್ಬಿನಲ್ಲಿ ಇಡಿಸಿದರು, ಬಿಸಿ ನೀರಲ್ಲ, ಉಗುರುಬೆಚ್ಚಗಿನದು. ಅಷ್ಟು ಹೊತ್ತು ಮರದ ಕೊರಡಾಗಿದ್ದ ಕಾಲಿಗೆ ಜೀವ ಬಂದಾಗ ಚಗಳಿ ಗೂಡಿನೊಳಗೆ ಕಾಲಿಟ್ಟ ಹಾಗಾಯಿತು. ಕಣ್ಣಲ್ಲಿ ನೀರು. ಆಮೇಲೆ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಆಲೂಗಡ್ಡೆ ಕೊಟ್ಟರು. ನಾನು ಜಾಡಿ ಬಿಚ್ಚಿದೆ. ಆ ತಾಯಿ ಒಂದು ಮಿಡಿಯ ತುದಿ ಕಚ್ಚಿ ಮಾಡಿದ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ಎಡಗಾಲಿನ ಎರಡು ಬೆರಳು ಈಗಲೂ ಆಷಾಢದಲ್ಲಿ ಜುಮ್ ಅನ್ನುತ್ತವೆ.

ಮರುದಿನ ಬೆಳಿಗ್ಗೆ ಹೊರಡುವಾಗ ಅವರು ತಮ್ಮ ಹಳೇ ಬೂಟು ಕೊಟ್ಟರು. ಕೆಳಗೆ ರಬ್ಬರ್, ಮೇಲೆ ಚರ್ಮ, ಒಳಗೆ ಕಂಬಳಿಯ ಹಾಗಿನ ದಪ್ಪ ಫೆಲ್ಟ್. ಗಾಡಿಯೊಳಗೆ ಕೂರುವುದಕ್ಕೆ ಬಟ್ಟೆ ಹಾಕಬೇಡ, ಗಾಡಿಯಿಂದ ಇಳಿದು ನಡೆಯುವುದಕ್ಕೆ ಹಾಕು ಅಂದರು. ಅದನ್ನೇ ನಾನು ನಿನಗೆ ದಾಟಿಸುತ್ತಿದ್ದೇನೆ.

ಈಗ ನೀನು ಮಾಡಬೇಕಾದದ್ದು. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಈಗಿನ ಗಾಡಿಗಳಲ್ಲಿ ಪೈಪು ಹೆಪ್ಪುಗಟ್ಟುವುದು ಕಡಿಮೆ. ಆದರೆ ಹಿಮಗಾಳಿಯಲ್ಲಿ ಸಿಕ್ಕಿಬಿದ್ದು ಗಂಟೆಗಟ್ಟಲೆ ಕಾಯಬೇಕಾದರೆ ಎಂಜಿನ್ ಓಡಿಸಲು ಬೇಕಲ್ಲ? ಓಡಿಸುವ ಮುಂಚೆ ಇಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆ. ಮುಚ್ಚಿಕೊಂಡಿದ್ದರೆ ಹೊಗೆ ಒಳಗೆ ಬಂದು, ನಿದ್ದೆ ಬಂದ ಹಾಗೆ ಆಗಿ ಜನ ಸತ್ತಿದ್ದಾರೆ. ಅದನ್ನು ಬಿಟ್ಟು ಬೇರೆ ಯಾವುದಕ್ಕೂ ಗಾಡಿಯಿಂದ ಇಳಿದು ಹೋಗಬೇಡ. ಒಂದು ಕಾಫಿ ಡಬ್ಬ, ಅದರೊಳಗೆ ದಪ್ಪ ಮೇಣದಬತ್ತಿ, ಬೆಂಕಿಪೊಟ್ಟಣ, ಕಂಬಳಿ, ಸಲಿಕೆ ಇಟ್ಟುಕೋ. ನಗಬೇಡ, ಕಿಟಕಿ ಒಂದು ಬೆರಳು ತೆರೆದಿಟ್ಟು ಹಚ್ಚಿದರೆ ಒಂದು ಮೇಣದಬತ್ತಿ ಎಷ್ಟು ಬೆಚ್ಚಗೆ ಮಾಡುತ್ತದೆ ಅಂತ ನಿನಗೆ ಗೊತ್ತಿಲ್ಲ. ಫೋನ್ ಇದೆಯಲ್ಲ ಅನ್ನಬೇಡ. ಆ ಚಳಿಯಲ್ಲಿ ಅದರ ಬ್ಯಾಟರಿ ನಿನಗಿಂತ ಮೊದಲು ಮಲಗುತ್ತದೆ.

ಇನ್ನೊಂದು. ಮೈನಸ್ 30ರಲ್ಲಿ ರಸ್ತೆ ಅಷ್ಟು ಜಾರುವುದಿಲ್ಲ. ಸೊನ್ನೆಯ ಆಸುಪಾಸಿನಲ್ಲಿ, ಬಿಸಿಲು ಬಂದಿದೆ ಅಂತ ಖುಷಿಯಾಗುತ್ತದಲ್ಲ, ಅವತ್ತು ಹುಷಾರು. ಮತ್ತೆ ಸಿಗ್ನಲ್‌ಗಳ ಹತ್ತಿರ. ನಿಂತ ಗಾಡಿಗಳ ಹೊಗೆಯ ನೀರೇ ರಸ್ತೆಗೆ ಬಿದ್ದು ಗಾಜಾಗುತ್ತದೆ.

ಟ್ರಕ್ ವಿಷಯ ಮರೆತಿಲ್ಲ. ತಗೋ. ಆದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಓಡಿಸಲು. ಚಳಿಗಾಲಕ್ಕೆ ನಿನ್ನ ಕಾರೇ ಇರಲಿ. ಆ ಟ್ರಕ್ಕಿಗೆ ಏರ್‌ಬ್ಯಾಗ್ ಇಲ್ಲ, ಹಿಂದಿನ ತೊಟ್ಟಿ ಖಾಲಿಯಿದ್ದರೆ ಬಾಲ ಅಲ್ಲಾಡಿಸುತ್ತದೆ. ನಾವು ಹಿಂದಿನ ಆಕ್ಸೆಲ್ ಮೇಲೆ ಮರಳಿನ ಚೀಲ ಹೇರಿಕೊಂಡು ಓಡಾಡುತ್ತಿದ್ದೆವು. ಜಾರಿದರೆ ಭಾರಕ್ಕೂ ಆಯಿತು, ಸಿಕ್ಕಿಕೊಂಡರೆ ಚಕ್ರದಡಿ ಎರಚಲೂ ಆಯಿತು. ಕೊಳ್ಳುವ ಮುಂಚೆ ಬಣ್ಣ ನೋಡಿ ಮರುಳಾಗಬೇಡ. ಒಂದು ಆಯಸ್ಕಾಂತ ತಗೊಂಡು ಹೋಗು. ಬಾಗಿಲ ಕೆಳಗಿನ ಅಂಚು, ಕ್ಯಾಬಿನ್ನಿನ ಹಿಂದಿನ ಮೂಲೆ, ಅಲ್ಲೆಲ್ಲ ಇಟ್ಟು ನೋಡು. ಅಂಟದಿದ್ದರೆ ಒಳಗೆ ತುಕ್ಕು, ಮೇಲೆ ಮೆತ್ತಿದ ಪುಟ್ಟಿ. ನಿನ್ನ ಹೆಸರಿನದೇ ನೋಡು! ಸಸ್ಕಾಚೆವಾನ್ ಗಾಡಿಯಾದರೆ ಸ್ವಲ್ಪ ವಾಸಿ. ಅಲ್ಲಿಯ ಚಳಿಗೆ ರಸ್ತೆಯ ಉಪ್ಪು ಕೆಲಸ ಮಾಡುವುದಿಲ್ಲ, ಮರಳೇ ಜಾಸ್ತಿ ಹಾಕುತ್ತಾರೆ. ಒಂಟಾರಿಯೋದಿಂದ ಬಂದದ್ದಾದರೆ ಕೆಳಗೆ ಮಲಗಿ ನೋಡದೆ ದುಡ್ಡು ಕೊಡಬೇಡ.

ಆ ಬೂಟು ಇನ್ನೂ ಇದೆ, ನಮ್ಮ ಅಟ್ಟದ ಮೇಲೆ. ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತದೆ, ಪ್ರತಿ ದೀಪಾವಳಿಗೆ ಒರೆಸಿ ಬಿಸಿಲಿಗೆ ಇಡುತ್ತೇನೆ. ನಿನಗೆ ಕಳಿಸೋಣ ಅಂದರೆ ನಿನ್ನ ಎರಡೂ ಕಾಲು ಒಂದರಲ್ಲೇ ಹೋದಾವು. ಅಕ್ಟೋಬರ್ ಮುಗಿಯುವ ಒಳಗೆ ನಿನ್ನ ಅಳತೆಯದು ಒಂದು ಜೊತೆ ತಗೋ. ಹಾಕಿಕೊಂಡು ಕಾಲಿನ ಫೋಟೋ ಕಳಿಸು. ಟ್ರಕ್ಕಿನ ಫೋಟೋ ಅದಾದ ಮೇಲೆ ನೋಡುತ್ತೇನೆ.

ಅಪ್ಪ ಅಮ್ಮನಿಗೆ ಫೋನ್ ಮಾಡುತ್ತಿರು.

ಇಂತು ನಿನ್ನ ಪ್ರೀತಿಯ
ಅಜ್ಜ