ಭಾನುವಾರ ಆಟವಿಲ್ಲ, ಎಲ್ಲರೂ ಬನ್ನಿ

ನಮ್ಮ ಕೂಟದಲ್ಲಿ ಗಾಲ್ಫ್ ಮಾತು ಬಂದರೆ ಸಾಕು, ಅರ್ಧ ಜನ ಎದ್ದು ಕಾಫಿ ಕಡೆ ಹೋಗುತ್ತಾರೆ. ದುಡ್ಡಿದ್ದವರ ಆಟ, ಕ್ಲಬ್ಬಿನ ಗೇಟು, ಮೆಂಬರ್‌ಶಿಪ್ಪು, ಶನಿವಾರ ಬಂದರೆ ಗಂಡ ಮನೆಯಲ್ಲಿರುವುದಿಲ್ಲ, ಹೀಗೆ ದೂರುಗಳು. ದೂರು ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ಬೇಸಿಗೆ ರಜೆಯಲ್ಲಿ ಮನೆಯವರನ್ನೆಲ್ಲ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಹೋಗಿ, ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡಿ ಬಂದ ಮೇಲೆ ಆ ಕಾಫಿ ಗುಂಪಿನವರಿಗೇ ನಾಲ್ಕು ಮಾತು ಬರೆಯೋಣ ಅನಿಸಿತು. ಆಡುವವರು ಹೇಗೂ ಓದುತ್ತಾರೆ ಬಿಡಿ.

ಆ ಮೈದಾನ ಯಾವ ಕ್ಲಬ್ಬಿನದೂ ಅಲ್ಲ, ಊರಿನದು. ಮೊದಲ ಟೀ, ಅಂದರೆ ಆಟದ ಮೊದಲ ಹೊಡೆತ ಹೊಡೆಯುವ ಜಾಗ, ಅದರ ಹಿಂದೆ ದೊಡ್ಡ ಕಲ್ಲಿನ ಕಟ್ಟಡ ಇದೆಯಲ್ಲ, ಗಾಲ್ಫಿನ ದೊಡ್ಡ ಟೂರ್ನಿ ಓಪನ್ ಅಲ್ಲಿ ನಡೆದಾಗ ಟೀವಿಯಲ್ಲಿ ಹತ್ತು ಸಲ ತೋರಿಸುತ್ತಾರೆ, ಅದು ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನ ಮನೆ. 1754ರಲ್ಲಿ ಶುರುವಾದ ಕ್ಲಬ್ಬು. ಅದರೊಳಗೆ ನಾವು ನೀವು ಸುಮ್ನೆ ನುಗ್ಗುವ ಹಾಗಿಲ್ಲ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳೋಣ ಅಂತ ಅವರು ಮತ ಹಾಕಿದ್ದು 2014ರಲ್ಲಿ. ಯೋಚನೆ ಮಾಡೋದಕ್ಕೆ 260 ವರ್ಷ ಬೇಕಾಯಿತು! ಆದರೆ ಎದುರಿಗಿನ ಹುಲ್ಲು ಅವರದಲ್ಲ. 1552ರಲ್ಲೇ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಕಾಲದ ಒಂದು ಪತ್ರದಲ್ಲಿ ಆ ಕಡಲತೀರದ ಜಾಗದಲ್ಲಿ ಗಾಲ್ಫ್ ಆಡುವ ಹಕ್ಕು ಊರಿನವರಿಗೆ, ಮೊಲ ಸಾಕುವ ಹಕ್ಕು ಆರ್ಚ್‌ಬಿಷಪ್ಪರಿಗೆ ಅಂತ ಬರೆದಿದೆ.

ಈ ಮೊಲದ ಕತೆ ದೊಡ್ಡದು. 1797ರಲ್ಲಿ ಊರಿನ ಆಡಳಿತ ಸಾಲದಲ್ಲಿ ಮುಳುಗಿ ಆ ಜಾಗವನ್ನೇ ಮಾರಿಬಿಟ್ಟಿತು. ಕೊಂಡುಕೊಂಡ ವ್ಯಾಪಾರಿಗಳು ಅಲ್ಲಿ ಮೊಲ ಸಾಕಿದರು. ಮೊಲಗಳು ಕೇಳುತ್ತವೆಯೇ, ಮೈದಾನವನ್ನೆಲ್ಲ ಬಗೆದು ಹಾಕಿದವು. ಆಡುವವರಿಗೂ ಮೊಲದವರಿಗೂ ವರ್ಷಗಟ್ಟಲೆ ಜಗಳ, ಕೋರ್ಟು, ಕಚೇರಿ. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನ್ದಾರ, ಆತನಿಗೂ ಗಾಲ್ಫ್ ಹುಚ್ಚು, ಜಾಗ ಕೊಂಡು ಆಟ ಉಳಿಸಿದ. ಈಗ ಅಲ್ಲಿನ ಏಳೂ ಕೋರ್ಸ್‌ಗಳನ್ನು ನೋಡಿಕೊಳ್ಳುವುದು 1974ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಆದ ಲಿಂಕ್ಸ್ ಟ್ರಸ್ಟ್. ಒಂದು ಊರಿನವರು ಆಟದ ಬಯಲಿಗೆ ಇಷ್ಟು ಹಟ ಹಿಡಿದದ್ದು ನನಗಂತೂ ಆಟಕ್ಕಿಂತ ಜಾಸ್ತಿ ಹಿಡಿಸಿತು.

ಹಾಗಂತ ಪುಕ್ಕಟೆ ಅಲ್ಲ. ಬೇಸಿಗೆಯಲ್ಲಿ ಒಬ್ಬರಿಗೆ 300 ಪೌಂಡ್ ದಾಟುತ್ತದೆ, ನನ್ನ ಹೆಂಡತಿ ಆ ಮೊತ್ತ ಕೇಳಿ ಮಾತೇ ಆಡಲಿಲ್ಲ, ಅದು ಇನ್ನೂ ಕಷ್ಟ. ಜೊತೆಗೆ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ, ಅಂದರೆ ನಿಮ್ಮ ಆಟದ ಮಟ್ಟ ಎಷ್ಟು ಅಂತ ತೋರಿಸುವ ಕಾಗದ, ಬೇಕು. ವೈದ್ಯಕೀಯ ಕಾರಣ ಇಲ್ಲದಿದ್ದರೆ ಓಡಾಡಲು ಬಗ್ಗಿ ಗಾಡಿ ಇಲ್ಲ, ನಡೆಯಲೇಬೇಕು. ಆದರೆ ಪರಿಚಯ, ಶಿಫಾರಸು ಯಾವುದೂ ಬೇಕಿಲ್ಲ. ಎರಡು ದಿನ ಮೊದಲು ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಬಂದರೆ ಬಂತು, ಇಲ್ಲದಿದ್ದರೆ ನಾಳೆ ಮತ್ತೆ ಹೆಸರು ಕೊಡಿ, ಅಷ್ಟೇ.

ಆಟದ ವರ್ಣನೆ ಮಾಡಿ ನಿಮ್ಮನ್ನು ಕೊಲ್ಲುವುದಿಲ್ಲ. ಎರಡೇ ಸಂಗತಿ. ಟೀಯಿಂದ ಗುಳಿಯವರೆಗಿನ ಒಂದು ಸುತ್ತಿಗೆ ಹೋಲ್ ಅನ್ನುತ್ತಾರೆ, ಒಟ್ಟು 18. ಮೊದಲ ಮತ್ತು ಕೊನೆಯ ಹೋಲ್‌ಗಳ ಫೇರ್‌ವೇ, ಅಂದರೆ ಚೆಂಡು ಹೊಡೆಯುತ್ತಾ ಸಾಗುವ ಹುಲ್ಲುದಾರಿ, ಎರಡೂ ಒಂದೇ ಬಯಲು, ಅದರ ನಟ್ಟನಡುವೆ ಒಂದು ರಸ್ತೆ ಹಾದುಹೋಗುತ್ತದೆ. ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಅಂತ ಅದರ ಹೆಸರು. ನಾನು ಟೀ ಮೇಲೆ ನಿಂತು ಕೈ ಬೆವರಿಕೊಂಡು ಕಾಯುತ್ತಿದ್ದರೆ ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಆರಾಮಾಗಿ ದಾಟಿದರು. ಬೇಲಿ ಪಕ್ಕ ನಿಂತಿದ್ದ ನಮ್ಮ ಅತ್ತೆ ಆಮೇಲೆ, "ಅಲ್ಲ ಅಳಿಯಂದಿರೇ, ಆಟದ ಮಧ್ಯೆ ರಸ್ತೆ ಬಿಟ್ಟಿದ್ದಾರಲ್ಲ, ಇವರಿಗೆ ತಲೆಗಿಲೆ ಸರಿ ಇದೆಯಾ?" ಎಂದರು. ರಸ್ತೆ ಊರಿನವರದೇ, ಬಯಲೂ ಅವರದೇ, ಯಾರು ಯಾರಿಗೆ ಬೇಡ ಅನ್ನುವುದು?

ಇನ್ನೊಂದು, 17ನೇದು, ರೋಡ್ ಹೋಲ್. ಹಳೇ ರೈಲ್ವೆ ಶೆಡ್ಡಿನ ಆಕಾರದಲ್ಲಿ ಕಟ್ಟಿದ ಒಂದು ಶೆಡ್ ದಾರಿಗೆ ಅಡ್ಡ ಇದೆ, ಅದರ ಮೇಲೆ ಹೋಟೆಲಿನ ಹೆಸರು ಬರೆದಿದೆ. ಯಾವ ಅಕ್ಷರದ ಮೇಲಿಂದ ಹೊಡೆಯಬೇಕು ಅಂತ ಚೀಲ ಹೊತ್ತು ಜೊತೆಗೆ ಬರುವ ಕ್ಯಾಡಿ ಬೆರಳು ಮಾಡಿ ತೋರಿಸುತ್ತಾರೆ. ಎದುರಿಗೆ ಗ್ರೀನ್, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗ, ಕಾಣುವುದೇ ಇಲ್ಲ. ದಾಟಿದ ಮೇಲೆ ಗ್ರೀನ್ ಪಕ್ಕ ಬಂಕರ್ ಅನ್ನುವ ಕಿರಿದಾದ ಆಳದ ಮರಳಿನ ಗುಂಡಿ, ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆ ಮೇಲೆ ಬಿದ್ದರೆ ಅಲ್ಲಿಂದಲೇ ಹೊಡೆಯಬೇಕು, ವಿನಾಯಿತಿ ಇಲ್ಲ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಜೀಮ ಆ ಬಂಕರಿನಲ್ಲಿ ಸಿಕ್ಕಿಕೊಂಡು ಆ ಒಂದೇ ಹೋಲ್‌ಗೆ 9 ಹೊಡೆತ ಕೊಟ್ಟ. ನನ್ನ ಸ್ಕೋರ್‌ಕಾರ್ಡ್ ಇಲ್ಲಿ ಅಚ್ಚಾಗುವುದಿಲ್ಲ. ಸಂಪಾದಕನಾದ ನನಗೆ ಇಷ್ಟಾದರೂ ಅಧಿಕಾರ ಬೇಡವೇ?

ಅದೇ ಕಾರ್ಡ್ ನೋಡುತ್ತಾ ನನ್ನ ಮಗಳು ಒಂದು ಲೆಕ್ಕ ಹಿಡಿದಳು. ಅಲ್ಲಿ ಏಳು ದೊಡ್ಡ ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಂಡಿವೆ. 2 ಮತ್ತು 16, 3 ಮತ್ತು 15, 4 ಮತ್ತು 14, ಯಾವ ಜೋಡಿ ಕೂಡಿಸಿದರೂ 18. ಅಪ್ಪ ಇಷ್ಟು ವರ್ಷ ಆಡ್ತಾ ಇದ್ದಾರೆ, ಇದು ಹೇಳಲೇ ಇಲ್ಲ ಅಂತ ಅವಳ ತಕರಾರು.

ಈಗ ಕಾಫಿ ಗುಂಪಿನವರಿಗೆ ಅಸಲು ವಿಷಯ. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟವಿಲ್ಲ. ಓಪನ್‌ನಂಥ ಕೆಲವು ಟೂರ್ನಿಗಳ ಸಮಯ ಬಿಟ್ಟರೆ ಅವತ್ತು ಅದು ಬರೀ ಪಾರ್ಕು. ಪ್ರಪಂಚದ ದೊಡ್ಡ ದೊಡ್ಡ ಆಟಗಾರರು ಉಸಿರು ಬಿಗಿಹಿಡಿದು ನಡೆಯುವ ಹುಲ್ಲಿನ ಮೇಲೆ ನಾಯಿಗಳು ಓಡುತ್ತಿರುತ್ತವೆ. ಸ್ವಿಲ್ಕನ್ ಸೇತುವೆ, ಹಿಂದೆ ಕುರಿ ದನ ದಾಟಿಸಲು ಕಟ್ಟಿದ ಪುಟ್ಟ ಕಲ್ಲು ಸೇತುವೆ, 2005ರಲ್ಲಿ ಅಮೆರಿಕದ ದೊಡ್ಡ ಆಟಗಾರ ಜಾಕ್ ನಿಕ್ಲಾಸ್ ಅದರ ಮೇಲೆ ನಿಂತು ಓಪನ್‌ಗೆ ವಿದಾಯ ಹೇಳಿದ್ದು, ಅದರ ಮುಂದೆ ಫೋಟೋಗೆ ಕ್ಯೂ. ಅತ್ತೆ ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಅಲ್ಲೇ ಫೋಟೋ ತೆಗೆಸಿಕೊಂಡರು. ಮಗಳು 14ನೇ ಹೋಲ್‌ನ ಹೆಲ್ ಬಂಕರ್ ತನಕ ಎಳೆದುಕೊಂಡು ಹೋದಳು, ಅದು ಸುಮಾರು 10 ಅಡಿ ಆಳ. ಒಂದು ಪೈಸೆ ಖರ್ಚಿಲ್ಲ.

ಪಕ್ಕದಲ್ಲೇ ಹಿಮಾಲಯಾಸ್ ಅಂತ ಇನ್ನೊಂದು ಜಾಗ ಇದೆ, ಗುಡ್ಡ ತಗ್ಗಿನ ಪಟಿಂಗ್ ಮೈದಾನ. ಪಟಿಂಗ್ ಅಂದರೆ ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುವುದು. ಹೆಂಗಸರು ತೋಳೆತ್ತಿ ಜೋರಾಗಿ ಹೊಡೆಯುವುದು ಚೆನ್ನಾಗಿ ಕಾಣುವುದಿಲ್ಲ ಅಂದುಕೊಂಡಿದ್ದ ಕಾಲ ಅದು. 1867ರಲ್ಲಿ ಅಲ್ಲಿನ ಹೆಂಗಸರು ತಮ್ಮದೇ ಪಟಿಂಗ್ ಕ್ಲಬ್ ಮಾಡಿಕೊಂಡರು, ಅದು ಇವತ್ತಿಗೂ ನಡೆಯುತ್ತಿದೆ. ಹೊರಗಿನವರೂ ಕೆಲವೇ ಪೌಂಡ್ ಕೊಟ್ಟು ಆಡಬಹುದು. ಹ್ಯಾಂಡಿಕ್ಯಾಪ್ ಕೇಳುವುದಿಲ್ಲ, ವಯಸ್ಸೂ ಕೇಳುವುದಿಲ್ಲ. ಅಲ್ಲಿ ಅಜ್ಜಿ ಮೊಮ್ಮಗಳಿಬ್ಬರೂ ಸೇರಿ ನನ್ನನ್ನು ಸೋಲಿಸಿದರು, ಅದನ್ನು ಮಾತ್ರ ಅಚ್ಚು ಹಾಕಲೇಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ.

ಹೋಗುವವರಿದ್ದರೆ ಶುಕ್ರವಾರ ರಾತ್ರಿಯೊಳಗೆ ಊರು ಸೇರಿ. ಸೋಮವಾರದ ಚೀಟಿ ಶನಿವಾರ ಎತ್ತುತ್ತಾರೆ, ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು, ಕನಿಷ್ಠ ಇಬ್ಬರು ಆಟಗಾರರಾದರೂ ಇರಬೇಕು. ಭಾನುವಾರ ಎಲ್ಲರೂ ನಡೆಯಿರಿ. ಸೋಮವಾರ ನಿಮ್ಮ ಹೆಸರು ಬಂದರೆ ಉಳಿದವರು 18ನೇ ಗ್ರೀನ್ ಪಕ್ಕದ ಬೇಲಿಗೆ ಒರಗಿ ನಿಲ್ಲಬಹುದು. ಅಲ್ಲಿ ನಿಂತವರು ಗುರುತಿಲ್ಲದವರಿಗೂ ಚಪ್ಪಾಳೆ ತಟ್ಟುತ್ತಾರೆ. ಗಾಳಿ ಮಾತ್ರ ಬೇಸಿಗೆಯಲ್ಲೂ ಬಿಡುವುದಿಲ್ಲ, ದಪ್ಪ ಸ್ವೆಟರ್ ಮರೆಯಬೇಡಿ.